ದೂರದ ಹವಳದ ದಿಬ್ಬಗಳಿಗೆ ಹೊರಡುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಉಷ್ಣವಲಯದ ಹವಳದ ದಿಬ್ಬಗಳ ಕುರಿತು ಬರೆದ ಮೇಲೆ, ಅವುಗಳನ್ನು ನೀರಿಗಿಳಿದು ನೋಡಬೇಕೆಂದಿರುವ ಹಾಗೂ ಈಗಾಗಲೇ ನೋಡಿಬಂದಿರುವ ಅನೇಕ ಓದುಗರು ಪತ್ರ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ. ದೂರದ ದಿಬ್ಬ ಎಂದು ನಾನು ಹೇಳುವಾಗಲೆಲ್ಲ, ದಡದಿಂದ ಹಲವು ಗಂಟೆಗಳ ಹಡಗುಪ್ರಯಾಣದ ಆಚೆಗಿರುವ, ಆಸ್ಪತ್ರೆಯಾಗಲಿ ವಿಮಾನ ನಿಲ್ದಾಣವಾಗಲಿ ಹತ್ತಿರವಿಲ್ಲದ ಜಾಗಗಳೇ ನನ್ನ ಮನಸ್ಸಿನಲ್ಲಿವೆ. ಕೆಲವು ಉತ್ತರಗಳು ಉತ್ಸಾಹಕ್ಕೆ ತಡೆಯೊಡ್ಡುವಂತೆ ಕಂಡರೆ ಅದಕ್ಕೆ ಆ ದೂರವೇ ಕಾರಣ.

ಪ್ರಶ್ನೆ: ನಾನೂ ನನ್ನ ಪತ್ನಿಯೂ ಮೂರು ತಿಂಗಳ ಹಿಂದೆ ಸ್ಕೂಬಾ ಡೈವಿಂಗ್‌ನ ಮೊದಲ ಹಂತದ ಪ್ರಮಾಣಪತ್ರ ಪಡೆದಿದ್ದೇವೆ. ಈವರೆಗೆ ಆರು ಬಾರಿ ನೀರಿಗಿಳಿದಿದ್ದೇವೆ. ಫಿಲಿಪ್ಪೀನ್ಸ್‌ನ ಟುಬ್ಬತಾಹ ದಿಬ್ಬಗಳಿಗೆ ಒಂದು ವಾರದ ಹಡಗುಪ್ರವಾಸ ಹೋಗಬೇಕೆಂದಿದ್ದೇವೆ. ಅನುಭವ ಸಾಲದು ಎಂದು ಕೆಲವರು ತಡೆಯುತ್ತಿದ್ದಾರೆ. ಪ್ರಮಾಣಪತ್ರವಿದ್ದ ಮೇಲೆ ಅಡ್ಡಿಯೇನು?

ಉತ್ತರ: ಆ ಪ್ರಮಾಣಪತ್ರ ಹೇಳುವುದು ತೀರ ಸೀಮಿತವಾದ ಮಾತನ್ನು. ನೀವು ಕಲಿತಂಥ ನೀರಿನಲ್ಲಿ, ಕಲಿತಂಥ ಪರಿಸ್ಥಿತಿಯಲ್ಲಿ, ಜೊತೆಗಾರರೊಬ್ಬರೊಂದಿಗೆ 18 ಮೀಟರ್ ಆಳದವರೆಗೆ ಇಳಿಯಬಲ್ಲಿರಿ ಎಂಬುದಷ್ಟೇ ಅದರ ಅರ್ಥ. ಟುಬ್ಬತಾಹ ಅಂಥ ನೀರಲ್ಲ. ಸುಲು ಸಮುದ್ರದ ನಡುವೆ, ಪಲವಾನ್ ದ್ವೀಪದ ಪುವೆರ್ಟೊ ಪ್ರಿನ್ಸೆಸಾ ಪಟ್ಟಣದಿಂದ ಸುಮಾರು 150 ಕಿಲೋಮೀಟರ್ ದೂರದಲ್ಲಿರುವ ಆ ದಿಬ್ಬಗಳನ್ನು ತಲುಪಲು ಹಡಗು ಒಂದಿಡೀ ರಾತ್ರಿ ಸಾಗಬೇಕು. ಕಡಲು ಶಾಂತವಾಗಿರುವ ಮಾರ್ಚ್ ಮಧ್ಯದಿಂದ ಜೂನ್ ಮಧ್ಯದವರೆಗೆ ಮಾತ್ರ ಡೈವಿಂಗ್ ಹಡಗುಗಳು ಅತ್ತ ಹೋಗುತ್ತವೆ. ಸಂರಕ್ಷಿತ ಉದ್ಯಾನದ ಕಾವಲುಗಾರರ ಠಾಣೆಯೊಂದನ್ನು ಬಿಟ್ಟರೆ ಅಲ್ಲಿ ಜನವಸತಿಯಿಲ್ಲ. ದಿಬ್ಬದ ಅಂಚು ಗೋಡೆಯಂತೆ ನೇರವಾಗಿ ಕತ್ತಲೆಯ ಆಳಕ್ಕೆ ಇಳಿಯುತ್ತದೆ; ಕಾಲ ಕೆಳಗೆ ನಿಲ್ಲಲು ನೆಲವಿಲ್ಲ, ಪಕ್ಕದಲ್ಲಿ ಸೆಳೆತವಿದೆ, ದಿನಕ್ಕೆ ಮೂರು ನಾಲ್ಕು ಬಾರಿ ಇಳಿದು ಹತ್ತುವ ದಣಿವು ದಿನದಿಂದ ದಿನಕ್ಕೆ ಮೈಯಲ್ಲಿ ಕೂಡುತ್ತ ಹೋಗುತ್ತದೆ. ಆರು ಬಾರಿಯ ಅನುಭವವಷ್ಟೇ ಇರುವವರು ಅಲ್ಲಿ ದಿಬ್ಬವನ್ನು ನೋಡಲಾರರು. ಗಾಳಿಯ ಮಾಪಕವನ್ನೂ ಆಳದ ಅಂಕಿಯನ್ನೂ ನೋಡುತ್ತ, ಮುಂದೆ ಹೋಗುತ್ತಿರುವವರ ಕಾಲನ್ನು ಹಿಂಬಾಲಿಸುತ್ತ ವಾರವನ್ನು ಕಳೆದುಬಿಡುತ್ತಾರೆ. ಆದ್ದರಿಂದ ಈ ವರ್ಷ ಬೇಡ ಎಂಬುದೇ ನನ್ನ ಉತ್ತರ.

ಹಾಗೆಂದು ಸುಮ್ಮನೆ ಕಾಯಿರಿ ಎನ್ನುತ್ತಿಲ್ಲ. ಈ ನಡುವೆ ನೀವು ಕಲಿಯಬೇಕಾದ ವಿದ್ಯೆ ಮುಖ್ಯವಾಗಿ ಒಂದೇ: ಮುಳುಗದೆ, ಮೇಲೇಳದೆ, ಕೈ ಬಡಿಯದೆ ನೀರಿನಲ್ಲಿ ಇದ್ದಲ್ಲೇ ನಿಲ್ಲುವ ಸಮತೂಕ. ಉಸಿರನ್ನು ಒಳಗೆಳೆದರೆ ದೇಹ ತುಸು ಮೇಲೇರುತ್ತದೆ, ಬಿಟ್ಟರೆ ತುಸು ಇಳಿಯುತ್ತದೆ. ಪಳಗಿದವರು ಈ ಏರಿಳಿತವನ್ನೇ ಚುಕ್ಕಾಣಿ ಮಾಡಿಕೊಂಡಿರುತ್ತಾರೆ. ಹೊಸಬರಾದರೋ ಮುಳುಗಲಾರೆವೆಂಬ ಅಂಜಿಕೆಯಿಂದ ಅಗತ್ಯಕ್ಕಿಂತ ಹೆಚ್ಚು ಸೀಸದ ತೂಕ ಕಟ್ಟಿಕೊಳ್ಳುತ್ತಾರೆ, ಆ ಭಾರವನ್ನು ಸರಿದೂಗಿಸಲು ಜಾಕೆಟ್‌ಗೆ ಗಾಳಿ ತುಂಬುತ್ತಾರೆ. ಆ ಗಾಳಿ ಒಂದೆರಡು ಮೀಟರ್ ಮೇಲೇರಿದೊಡನೆ ಹಿಗ್ಗಿ ಅವರನ್ನು ಇನ್ನಷ್ಟು ಮೇಲಕ್ಕೆತ್ತುತ್ತದೆ; ಗಾಬರಿಯಿಂದ ಅದನ್ನು ಹೊರಬಿಟ್ಟರೆ ಕಲ್ಲಿನಂತೆ ಇಳಿಯುತ್ತಾರೆ. ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರ್‌ನಲ್ಲಿ ಖರ್ಚಾಗುವ ಗಾಳಿಯ ತೂಕವೇ ಸುಮಾರು ಎರಡು ಕಿಲೋ ಇರುವುದರಿಂದ, ಮೊದಲಲ್ಲಿ ಸರಿಯಿದ್ದ ತೂಕ ಕೊನೆಯಲ್ಲಿ ಸಾಲದೆ ಬರುವುದೂ ಉಂಟು. ಇದನ್ನೆಲ್ಲ ಹತ್ತಿರದ ಶಾಂತ ನೀರಿನಲ್ಲಿ, ಮರಳಿನ ಮೇಲೆ, ಬೇಸರವಾಗುವಷ್ಟು ಸಲ ಅಭ್ಯಾಸ ಮಾಡಿ. ಐದು ಮೀಟರ್ ಆಳದಲ್ಲಿ ಏನನ್ನೂ ಹಿಡಿಯದೆ ಮೂರು ನಿಮಿಷ ನಿಂತಿರಲು, ಆಳದ ಅಂಕಿ ಅರ್ಧ ಮೀಟರ್‌ಗಿಂತ ಹೆಚ್ಚು ಅಲುಗದಂತೆ ನೋಡಿಕೊಳ್ಳಲು ನಿಮ್ಮಿಬ್ಬರಿಂದಲೂ ಸಾಧ್ಯವಾದ ದಿನ ಪ್ರವಾಸದ ಯೋಚನೆ ಮಾಡಬಹುದು. ಅಷ್ಟರಲ್ಲಿ ಎರಡನೆಯ ಹಂತದ ತರಬೇತಿ ಮುಗಿಸಿ, ಸೆಳೆತವಿರುವ ನೀರಿನಲ್ಲೂ ರಾತ್ರಿಯ ಹೊತ್ತಿನಲ್ಲೂ ಇಳಿದು, ನಲವತ್ತು ಐವತ್ತು ಡೈವ್‌ಗಳ ರೂಢಿ ಮಾಡಿಕೊಂಡಿದ್ದರೆ ಒಳ್ಳೆಯದು.

ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಒಂದು ಕಾರಣವಿದೆ. ಆರಂಭದ ದಿನಗಳಲ್ಲಿ ಒಮ್ಮೆ ಮೀನೊಂದನ್ನು ನೋಡಲು ತಿರುಗುವಾಗ ನನ್ನ ಕಾಲಿನ ಈಜುಪಾದ ತಗುಲಿ ಕೊಂಬೆಹವಳದ ಒಂದು ಕವಲು ಮುರಿದುಬಿತ್ತು. ಸದ್ದೂ ಕೇಳಿಸಲಿಲ್ಲ, ಹಿಂದೆ ಬರುತ್ತಿದ್ದವರು ತೋರಿಸಿದಾಗಷ್ಟೇ ತಿಳಿಯಿತು. ಕೊಂಬೆಹವಳಗಳು ವರ್ಷಕ್ಕೆ ಹತ್ತು ಸೆಂಟಿಮೀಟರ್‌ನಷ್ಟು ಬೆಳೆಯಬಲ್ಲವು, ಆದ್ದರಿಂದ ಅದು ಮತ್ತೆ ಚಿಗುರಿರಬಹುದು. ಆದರೆ ಬಂಡೆಯಂತೆ ಗುಂಡಾಗಿ ಬೆಳೆಯುವ ಹವಳಗಳು ವರ್ಷಕ್ಕೆ ಹೆಚ್ಚುವುದು ಕೆಲವು ಮಿಲಿಮೀಟರ್ ಮಾತ್ರ. ಆಳೆತ್ತರದ ಅಂಥ ಹವಳವೊಂದು ನಮ್ಮ ಅಜ್ಜಿಯ ಅಜ್ಜಿಗಿಂತಲೂ ಹಿರಿಯ ಜೀವವಾಗಿರಬಹುದು. ಸಮತೂಕವಿಲ್ಲದವರನ್ನು ಅದರ ಬಳಿಗೆ ಕರೆದೊಯ್ಯುವುದು ಸರಿಯಲ್ಲವೆಂದು ನಾನು ನಂಬಿದ್ದೇನೆ.

ಪ್ರಶ್ನೆ: ನಮ್ಮ ಪ್ರವಾಸದ ಕೊನೆಯ ದಿನ ಬೆಳಿಗ್ಗೆ ಡೈವ್ ಇದೆ, ಸಂಜೆ ವಿಮಾನವಿದೆ. ಡೈವ್ ಮಾಡಿದ ದಿನ ವಿಮಾನ ಏರಬಾರದು ಎನ್ನುತ್ತಾರೆ. ಕೆಲವೇ ಗಂಟೆಗಳ ವ್ಯತ್ಯಾಸಕ್ಕೆ ಇಷ್ಟು ಕಟ್ಟುನಿಟ್ಟು ಏಕೆ?

ಉತ್ತರ: ಸಮುದ್ರದಲ್ಲಿ ಪ್ರತಿ ಹತ್ತು ಮೀಟರ್ ಇಳಿದಂತೆ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. ಮೂವತ್ತು ಮೀಟರ್ ಆಳದಲ್ಲಿ ದೇಹದ ಮೇಲಿರುವುದು ದಡದಲ್ಲಿರುವುದರ ನಾಲ್ಕು ಪಟ್ಟು ಒತ್ತಡ. ಅಲ್ಲಿ ನೀವು ಎಳೆದುಕೊಳ್ಳುವ ಪ್ರತಿಯೊಂದು ಉಸಿರಿನಲ್ಲೂ ನಾಲ್ಕು ಪಟ್ಟು ಗಾಳಿಯಿರುತ್ತದೆ. ಗಾಳಿಯ ಬಹುಪಾಲು ಸಾರಜನಕ. ದೇಹ ಅದನ್ನು ಬಳಸಿಕೊಳ್ಳುವುದಿಲ್ಲ. ಅದು ರಕ್ತದಲ್ಲೂ ಮಾಂಸಖಂಡಗಳಲ್ಲೂ ಕೊಬ್ಬಿನಲ್ಲೂ ಕರಗುತ್ತ ಸೇರಿಕೊಳ್ಳುತ್ತದೆ. ನಿಧಾನವಾಗಿ ಮೇಲೇರಿದರೆ ಅದು ಶ್ವಾಸಕೋಶದ ಮೂಲಕ ಸದ್ದಿಲ್ಲದೆ ಹೊರಹೋಗುತ್ತದೆ, ಅವಸರ ಮಾಡಿದರೆ ಇದ್ದಲ್ಲೇ ಗುಳ್ಳೆಗಟ್ಟುತ್ತದೆ. ನಿಮಿಷಕ್ಕೆ ಒಂಬತ್ತು ಮೀಟರ್‌ಗಿಂತ ವೇಗವಾಗಿ ಏರಬಾರದು, ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಬೇಕು ಎಂಬ ನಿಯಮಗಳು ಬಂದದ್ದು ಇದರಿಂದಲೇ.

ದೋಣಿ ಹತ್ತಿದ ಮೇಲೂ ಈ ಕೆಲಸ ಮುಗಿದಿರುವುದಿಲ್ಲ. ಒಳಸೇರಿದ ಸಾರಜನಕ ಪೂರ್ತಿ ಹೊರಹೋಗಲು ಗಂಟೆಗಟ್ಟಲೆ ಬೇಕು, ಅದರಲ್ಲೂ ವಾರವಿಡೀ ದಿನಕ್ಕೆ ನಾಲ್ಕು ಬಾರಿ ಇಳಿದವರಲ್ಲಿ ಅದರ ಶೇಖರಣೆ ಹೆಚ್ಚು. ವಿಮಾನದ ಒಳಗಿನ ಗಾಳಿಯ ಒತ್ತಡವಾದರೋ ಸುಮಾರು ಎರಡು ಸಾವಿರ ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟೇ ಇರುತ್ತದೆ. ಅಂದರೆ ಕಡಲಿನಿಂದ ಮೇಲೆದ್ದ ದೇಹವನ್ನು ನೀವು ಮತ್ತೂ ಎರಡು ಸಾವಿರ ಮೀಟರ್ ಮೇಲಕ್ಕೆತ್ತಿದಂತಾಯಿತು. ಡೈವರ್‌ಗಳ ಸುರಕ್ಷತೆಗಾಗಿ ಕೆಲಸ ಮಾಡುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆಯಂತೆ, ಆ ಮೂರು ನಿಮಿಷಗಳ ಹೊರತು ಬೇರೆ ನಿಲುಗಡೆ ಬೇಡದ ಒಂದೇ ಒಂದು ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್‌ಗಳನ್ನು ಅಥವಾ ಹಲವು ದಿನ ಮಾಡಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ನಾನು 24 ಗಂಟೆ ಕಾಯುತ್ತೇನೆ. ವಿಮಾನದ ಬದಲು ಕಾರಿನಲ್ಲಿ ಎತ್ತರದ ಬೆಟ್ಟ ಹತ್ತುವವರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆಂಬುದನ್ನು ಅನೇಕರು ಮರೆಯುತ್ತಾರೆ.

ಕೀಲುನೋವು, ಜುಮುಗುಡುವಿಕೆ, ಚರ್ಮದ ಮೇಲೆ ಕೆಂಪು ಮಚ್ಚೆ, ಕಾರಣವಿಲ್ಲದ ವಿಪರೀತ ಆಯಾಸ: ಇವು ಸಾರಜನಕದ ಗುಳ್ಳೆಗಳಿಂದ ಬರುವ ಕಾಯಿಲೆಯ ಲಕ್ಷಣಗಳು. ಭಾರ ಎತ್ತಿದ್ದರಿಂದ ಭುಜ ನೋಯುತ್ತಿದೆ, ನಿದ್ದೆಗೆಟ್ಟಿದ್ದರಿಂದ ಸುಸ್ತಾಗಿದೆ ಎಂದು ತಮ್ಮನ್ನು ತಾವೇ ನಂಬಿಸಿಕೊಂಡು ಅರ್ಧ ದಿನ ಕಳೆಯುವುದೇ ಎಲ್ಲರೂ ಮಾಡುವ ತಪ್ಪು. ಅನುಮಾನ ಬಂದೊಡನೆ ಶುದ್ಧ ಆಮ್ಲಜನಕ ಉಸಿರಾಡಲು ಕೊಡಬೇಕು, ಅನಂತರ ಒತ್ತಡದ ಕೋಣೆ, ಅಂದರೆ ಗಾಳಿಯ ಒತ್ತಡ ಹೆಚ್ಚಿಸಿ ಚಿಕಿತ್ಸೆ ಕೊಡುವ ಕೋಣೆಯಿರುವ ಆಸ್ಪತ್ರೆಗೆ ಸಾಗಿಸಬೇಕು. ದೂರದ ದಿಬ್ಬಗಳಿಂದ ಅಂಥ ಆಸ್ಪತ್ರೆ ತಲುಪಲು ಒಂದು ದಿನಕ್ಕಿಂತ ಹೆಚ್ಚು ಹಿಡಿಯಬಹುದು. ಆದ್ದರಿಂದ ಹಡಗನ್ನು ಗೊತ್ತುಮಾಡುವಾಗ ಅಲ್ಲಿ ಆಮ್ಲಜನಕವಿದೆಯೇ ಎಂದು ಮಾತ್ರವಲ್ಲ, ಎಷ್ಟು ಗಂಟೆಗೆ ಸಾಲುವಷ್ಟಿದೆ, ಕೊಡಲು ತರಬೇತಾದವರು ಯಾರು, ಅತಿ ಹತ್ತಿರದ ಒತ್ತಡದ ಕೋಣೆ ಎಲ್ಲಿದೆ ಎಂದು ಲಿಖಿತವಾಗಿ ಕೇಳಿ. ರೋಗಿಯನ್ನು ಸಾಗಿಸುವ ವೆಚ್ಚ ಭರಿಸುವ ಡೈವಿಂಗ್ ವಿಮೆಯಿಲ್ಲದೆ ಹೊರಡಬೇಡಿ. ರಾತ್ರಿಯಿಡೀ ಎಚ್ಚರವಿದ್ದು ಹಡಗನ್ನು ಸುತ್ತುವ ಕಾವಲಿನವರಿದ್ದಾರೆಯೇ, ಮಲಗುವ ಕೋಣೆಗಳಿಂದ ಹೊರಬರಲು ಎರಡು ದಾರಿಗಳಿವೆಯೇ ಎಂಬುದನ್ನೂ ಕೇಳಿ. 2019ರಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಡೈವಿಂಗ್ ಹಡಗೊಂದಕ್ಕೆ ನಸುಕಿನಲ್ಲಿ ಬೆಂಕಿ ಬಿದ್ದು ಕೆಳಗೆ ಮಲಗಿದ್ದ 34 ಮಂದಿ ಸತ್ತರು, ಸುತ್ತುಕಾವಲು ಇರಲಿಲ್ಲವೆಂದು ತನಿಖೆ ಹೇಳಿತು.

ನಿಮ್ಮ ಪ್ರವಾಸದ ಮಟ್ಟಿಗೆ, ಆ ಬೆಳಗಿನ ಡೈವ್ ಬಿಟ್ಟುಬಿಡಿ. ಕೊನೆಯ ಡೈವ್ ಹಿಂದಿನ ದಿನ ಮಧ್ಯಾಹ್ನಕ್ಕೇ ಮುಗಿಯುವಂತೆ ಕಾರ್ಯಕ್ರಮ ಬದಲಿಸಲು ಆಯೋಜಕರು ಒಪ್ಪದಿದ್ದರೆ ಅವರ ಉಳಿದ ಎಚ್ಚರಿಕೆಗಳ ಬಗೆಗೂ ನನಗೆ ಸಂದೇಹ ಬರುತ್ತದೆ.

ಪ್ರಶ್ನೆ: ಹೊರಡುವ ಹಿಂದಿನ ದಿನ ನೆಗಡಿಯಾದರೆ ಮಾತ್ರೆ ನುಂಗಿ ಡೈವ್ ಮಾಡಬಹುದೇ?

ಉತ್ತರ: ಬೇಡ. ಕಿವಿಯ ತಮಟೆಯ ಹಿಂದಿರುವ ಗಾಳಿಗೂ ಹೊರಗಿನ ನೀರಿಗೂ ಒತ್ತಡ ಸಮವಾಗಬೇಕಾದರೆ ಗಂಟಲಿನಿಂದ ಕಿವಿಗೆ ಹೋಗುವ ಕಿರುನಾಳ ತೆರೆದಿರಬೇಕು. ನೆಗಡಿಯಲ್ಲಿ ಅದು ಊದಿಕೊಂಡಿರುತ್ತದೆ. ಮಾತ್ರೆಯ ಬಲದಿಂದ ಹೇಗೋ ಇಳಿದಿರಿ ಎಂದಿಟ್ಟುಕೊಂಡರೂ, ನೀರಿನೊಳಗಿರುವಾಗಲೇ ಅದರ ಪರಿಣಾಮ ಇಳಿದರೆ ಹಿಗ್ಗುವ ಗಾಳಿ ಹೊರಬರಲು ದಾರಿಯಿಲ್ಲದೆ ಮೇಲೇರುವುದೇ ಕಷ್ಟವಾಗುತ್ತದೆ. ಆರೋಗ್ಯವಂತರಿಗೂ ನಾನು ಹೇಳುವುದಿಷ್ಟೇ: ನೋವು ಬರುವ ಮೊದಲೇ, ಪ್ರತಿ ಅರ್ಧ ಮೀಟರಿಗೊಮ್ಮೆ, ಮೂಗು ಹಿಡಿದು ಮೃದುವಾಗಿ ಊದಿ ಕಿವಿ ಬಿಡಿಸಿಕೊಳ್ಳಿ. ನೋವು ಬಂದರೆ ಒಂದು ಮೀಟರ್ ಮೇಲೆ ಬನ್ನಿ, ಬಲವಂತ ಮಾಡಬೇಡಿ.

ಪ್ರಶ್ನೆ: ನನಗೆ 61 ವರ್ಷ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ, ಕನ್ನಡಕವಿದೆ. ಈ ವಯಸ್ಸಿನಲ್ಲಿ ಕಲಿಯಬಹುದೇ?

ಉತ್ತರ: ಕಲಿಯಬಹುದು, ಆದರೆ ವೈದ್ಯರ ಒಪ್ಪಿಗೆ ಮೊದಲು. ನೀರಿಗಿಳಿದೊಡನೆ ಕಾಲುಗಳ ರಕ್ತ ಎದೆಯ ಕಡೆಗೆ ಸರಿದು ಹೃದಯದ ಕೆಲಸ ಹೆಚ್ಚುತ್ತದೆ. ಡೈವಿಂಗ್ ಸಾವುಗಳಿಗೆ ಹೃದಯದ ತೊಂದರೆ ಒಂದು ಮುಖ್ಯ ಕಾರಣ. ರಕ್ತದೊತ್ತಡ ಹತೋಟಿಯಲ್ಲಿದ್ದು, ಶ್ರಮದ ಪರೀಕ್ಷೆಯಲ್ಲಿ ಹೃದಯ ಸರಿಯಿದೆಯೆಂದು ತಿಳಿದರೆ ವಯಸ್ಸೊಂದೇ ಅಡ್ಡಿಯಾಗದು. ಆರೋಗ್ಯದ ಪ್ರಶ್ನಾವಳಿಯಲ್ಲಿ ಏನನ್ನೂ ಮುಚ್ಚಿಡಬೇಡಿ. ಕನ್ನಡಕದ ಶಕ್ತಿಗೆ ತಕ್ಕ ಗಾಜಿನ ಮಾಸ್ಕ್‌ಗಳು ಸಿಗುತ್ತವೆ.

ಪ್ರಶ್ನೆ: ಕಳೆದ ವರ್ಷ ಒಂದು ಹವಳದ್ವೀಪದ ಕಾಲುವೆಯ ಬಾಯಲ್ಲಿ ಇಳಿದಿದ್ದೆ. ಸೆಳೆತ ನನ್ನನ್ನು ಗುಂಪಿನಿಂದ ಬೇರ್ಪಡಿಸಿತು. ಮೇಲೆ ಬಂದಾಗ ದೋಣಿ ಬಹಳ ದೂರದಲ್ಲಿತ್ತು, ಕೂಗಿದರೂ ಕೇಳಿಸಲಿಲ್ಲ. ಇಪ್ಪತ್ತು ನಿಮಿಷ ತೇಲಿದ ಮೇಲೆ ನನ್ನನ್ನು ಕಂಡರು. ನಾನು ಮಾಡಿದ ತಪ್ಪೇನು?

ಉತ್ತರ: ಪತ್ರ ಓದುವಾಗ ನನ್ನ ಎದೆಯೂ ಬಡಿದುಕೊಂಡಿತು. ನೀವು ಸುರಕ್ಷಿತವಾಗಿರುವುದು ಸಮಾಧಾನದ ಸಂಗತಿ. ಇಂಥ ದ್ವೀಪಗಳಲ್ಲಿ ಹವಳದ ಉಂಗುರದ ಒಳಗೆ ಆಳವಿಲ್ಲದ ಒಳಗಡಲಿರುತ್ತದೆ. ಉಬ್ಬರದಲ್ಲಿ ನೀರು ಒಳನುಗ್ಗಲೂ ಇಳಿತದಲ್ಲಿ ಹೊರಹರಿಯಲೂ ಉಂಗುರದ ನಡುವಿನ ಆ ಕೆಲವು ಕಾಲುವೆಗಳೇ ದಾರಿ. ಅಷ್ಟೊಂದು ನೀರು ಅಷ್ಟು ಇಕ್ಕಟ್ಟಿನಲ್ಲಿ ಹರಿಯುವುದರಿಂದಲೇ ಅಲ್ಲಿ ಸೆಳೆತ ಬಿರುಸು. ಹೊರಗಡಲಿನ ತಿಳಿನೀರು ಆಹಾರವನ್ನು ಹೊತ್ತು ತರುವುದರಿಂದ ಮೀನಿನ ಹಿಂಡುಗಳೂ ಅವುಗಳ ಬೆನ್ನಟ್ಟುವ ಶಾರ್ಕ್‌ಗಳೂ ಅಲ್ಲೇ ನೆರೆಯುತ್ತವೆ. ಅಂದರೆ ನೋಡತಕ್ಕ ಜಾಗವೂ ಅಪಾಯದ ಜಾಗವೂ ಒಂದೇ. ನೀರು ಒಳಕ್ಕೆ ಹರಿಯುವ ಹೊತ್ತನ್ನು ಆರಿಸಿಕೊಂಡರೆ ನೀರೂ ತಿಳಿಯಾಗಿರುತ್ತದೆ, ಜೊತೆ ತಪ್ಪಿದರೂ ನೀವು ಸೇರುವುದು ಒಳಗಡಲಿನ ಶಾಂತ ನೀರನ್ನು. ಇಳಿತದಲ್ಲಾದರೆ ಸೆಳೆತ ನಿಮ್ಮನ್ನು ತೆರೆದ ಸಾಗರಕ್ಕೆ ಒಯ್ಯುತ್ತದೆ. ನಿಮಗಾದದ್ದು ಬಹುಶಃ ಇದೇ.

ನಿಮ್ಮ ತಪ್ಪು ಬೇರ್ಪಟ್ಟದ್ದಲ್ಲ; ಅದು ಯಾರಿಗಾದರೂ ಆಗಬಹುದು. ಕಾಣಿಸಿಕೊಳ್ಳುವ ಸಾಧನವಿಲ್ಲದೆ ಇಳಿದದ್ದು ತಪ್ಪು. ಅಲೆಗಳ ನಡುವೆ ತೇಲುವ ಮನುಷ್ಯನ ತಲೆ ಕೆಲವು ನೂರು ಮೀಟರ್ ಆಚೆಗೆ ಕಣ್ಣಿಗೆ ಬೀಳುವುದೇ ಇಲ್ಲ. ಗಾಳಿ ತುಂಬಿದರೆ ಆಳೆತ್ತರಕ್ಕೆ ನಿಲ್ಲುವ, ಕಿತ್ತಳೆ ಅಥವಾ ಕೆಂಪು ಬಣ್ಣದ ಉದ್ದನೆಯ ತೇಲುಚೀಲ, ಒಂದು ಸೀಟಿ, ಬಿಸಿಲನ್ನು ಪ್ರತಿಫಲಿಸುವ ಪುಟ್ಟ ಕನ್ನಡಿ, ಹಗಲಿನಲ್ಲೂ ಒಂದು ಟಾರ್ಚ್: ಇವು ಪ್ರತಿಯೊಬ್ಬರ ಜಾಕೆಟ್‌ನಲ್ಲಿ ಇರಲೇಬೇಕು, ಮಾರ್ಗದರ್ಶಕರ ಬಳಿ ಇದ್ದರೆ ಸಾಲದು. ಐದು ಮೀಟರ್ ಆಳದಿಂದಲೇ ಚೀಲವನ್ನು ಮೇಲಕ್ಕೆ ಬಿಡಲು ಅಭ್ಯಾಸ ಮಾಡಿ. ಆಗ ನೀವು ನಿಲುಗಡೆಯಲ್ಲಿರುವಾಗಲೇ ದೋಣಿಯವರು ನಿಮ್ಮನ್ನು ಹಿಂಬಾಲಿಸಬಲ್ಲರು. ಜೊತೆಗಾರರು ಕಾಣದಿದ್ದರೆ ಒಂದು ನಿಮಿಷ ಹುಡುಕಿ, ಅನಂತರ ಮೇಲೆ ಬರುವುದೆಂದು ಮೊದಲೇ ಮಾತಾಗಿರಲಿ. ಸೆಳೆತಕ್ಕೆ ಎದುರಾಗಿ ಈಜಿ ಗೆದ್ದವರನ್ನು ನಾನು ಕಂಡಿಲ್ಲ. ಏದುಸಿರಿನಲ್ಲಿ ಗಾಳಿ ಖಾಲಿಯಾಗುವುದಷ್ಟೇ ಅದರ ಫಲ. ಅಡ್ಡಲಾಗಿ ಈಜಬೇಕು, ಇಲ್ಲವೇ ಅದರೊಂದಿಗೇ ಸಾಗಬೇಕು. ಗೋಡೆಯ ಬಳಿ ಕೆಳಮುಖವಾಗಿ ಎಳೆಯುವ ಸೆಳೆತಕ್ಕೆ ಸಿಕ್ಕಿದರೂ ಇದೇ ರೀತಿ: ಪಕ್ಕಕ್ಕೆ ಸರಿದು ಅದರ ಪಟ್ಟಿಯಿಂದ ಹೊರಬನ್ನಿ, ಇಳಿಯುವುದನ್ನು ತಡೆಯಲು ಜಾಕೆಟ್‌ಗೆ ಗಾಳಿ ಸೇರಿಸಿದ್ದರೆ ಸೆಳೆತ ಬಿಟ್ಟೊಡನೆ ಅದನ್ನು ತೆಗೆಯಲು ಮರೆಯಬೇಡಿ.

ಪ್ರಶ್ನೆ: ನನಗೆ ಶಾರ್ಕ್‌ಗಳ ಭಯ. ಅಲ್ಲಿ ಎದುರಾದರೆ ಏನು ಮಾಡಬೇಕು?

ಉತ್ತರ: ದಿಬ್ಬಗಳ ಮೇಲೆ ಸಾಮಾನ್ಯವಾಗಿ ಕಾಣುವ ಬಿಳಿತುದಿಯ ಮತ್ತು ಬೂದುಬಣ್ಣದ ಶಾರ್ಕ್‌ಗಳು ಡೈವರ್‌ಗಳಿಂದ ದೂರವೇ ಉಳಿಯುತ್ತವೆ. ಅವು ಬೆನ್ನು ಬಾಗಿಸಿ, ಪಕ್ಕದ ರೆಕ್ಕೆಗಳನ್ನು ಕೆಳಗಿಳಿಸಿ ಬಿಗಿಯಾಗಿ ಈಜಿದರೆ ನೀವು ಹತ್ತಿರ ಬಂದದ್ದು ಸಾಕೆಂದು ಅರ್ಥ. ಅವುಗಳ ಕಡೆ ಮುಖಮಾಡಿ ನಿಧಾನವಾಗಿ ಹಿಂದೆ ಸರಿಯಿರಿ. ಶಾರ್ಕ್‌ಗಳಿರುವ ದಿಬ್ಬ ಆರೋಗ್ಯವಂತ ದಿಬ್ಬ. ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ ಪಲಾವು 2009ರಲ್ಲಿ ತನ್ನ ಇಡೀ ಕಡಲನ್ನೇ ಶಾರ್ಕ್‌ಗಳ ಅಭಯಧಾಮವೆಂದು ಘೋಷಿಸಿದ್ದನ್ನು ನಾನು ಸದಾ ಕೃತಜ್ಞತೆಯಿಂದ ನೆನೆಯುತ್ತೇನೆ.

ನನ್ನ ಅನುಭವದಲ್ಲಿ ಡೈವರ್‌ಗಳನ್ನು ನಿಜವಾಗಿ ಕಚ್ಚುವುದು ಮೊಳದುದ್ದದ ಟೈಟನ್ ಟ್ರಿಗರ್ ಮೀನು. ಮೊಟ್ಟೆಯಿಟ್ಟ ಕಾಲದಲ್ಲಿ ಮರಳಿನಲ್ಲಿರುವ ತನ್ನ ಗೂಡಿನಿಂದ ಮೇಲ್ಮುಖವಾಗಿ ಆಲಿಕೆಯಂತೆ ಅಗಲವಾಗುತ್ತ ಹೋಗುವ ನೀರನ್ನೆಲ್ಲ ಅದು ತನ್ನದೆಂದು ಕಾಯುತ್ತದೆ. ಬೆನ್ನಟ್ಟಿದಾಗ ಗಾಬರಿಯಿಂದ ಮೇಲೇರಿದರೆ ನೀವು ಅದರ ಎಲ್ಲೆಯೊಳಗೇ ಉಳಿಯುತ್ತೀರಿ. ಅಡ್ಡಲಾಗಿ ಈಜಿ ಹೊರಬರಬೇಕು. ಉಳಿದಂತೆ ಕಲ್ಲುಮೀನು, ಸಿಂಹಮೀನು, ಮುಟ್ಟಿದರೆ ಉರಿಯುವ ಬೆಂಕಿಹವಳ ಇವೆಲ್ಲ ಅಪಾಯಕಾರಿಯಾಗುವುದು ನಾವು ಕೈಯಿಟ್ಟಾಗ, ಕಾಲಿಟ್ಟಾಗ ಮಾತ್ರ. ಮೀನಿನ ಮುಳ್ಳು ಚುಚ್ಚಿದರೆ ಸುಡದಂತೆ ಸಹಿಸಬಹುದಾದಷ್ಟು, ಸುಮಾರು 45 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಅದ್ದಿಟ್ಟರೆ ನೋವು ತಗ್ಗುತ್ತದೆ. ಕಲ್ಲುಮೀನಿನ ವಿಷ ಪ್ರಾಣಾಂತಿಕವಾಗಬಲ್ಲದು, ವೈದ್ಯರ ನೆರವು ಅನಿವಾರ್ಯ.

ಪ್ರಶ್ನೆ: ನಾನು ಎಂಟನೆಯ ತರಗತಿಯ ವಿದ್ಯಾರ್ಥಿನಿ. ಸಾವಿರಾರು ಮೀಟರ್ ಆಳದ ಸಾಗರದ ನಡುವೆ ಉಂಗುರದ ಆಕಾರದ ಹವಳದ್ವೀಪಗಳು ಹೇಗೆ ಹುಟ್ಟುತ್ತವೆ? ಹವಳಕ್ಕೆ ಬಿಸಿಲು ಬೇಕಲ್ಲವೇ?

ಉತ್ತರ: ಈ ಸಲ ಬಂದ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಇದು, ಮಗು. ನೀನು ಹಿಡಿದಿರುವ ತೊಡಕನ್ನೇ ಚಾರ್ಲ್ಸ್ ಡಾರ್ವಿನ್ ಕೂಡ ಹಿಡಿದಿದ್ದರು. ಹವಳವೆಂಬುದು ಪುಟ್ಟ ಪ್ರಾಣಿಗಳ ಸಮೂಹ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳು ವಾಸಿಸುತ್ತ, ಬಿಸಿಲಿನಿಂದ ಆಹಾರ ತಯಾರಿಸಿ ಅದರ ಬಹುಪಾಲನ್ನು ಮನೆಯೊಡೆಯನಿಗೆ ಕೊಡುತ್ತವೆ. ಆ ಬಲದಿಂದ ಹವಳ ಸುಣ್ಣದ ಗೂಡು ಕಟ್ಟುತ್ತದೆ. ಆದ್ದರಿಂದ ದಿಬ್ಬ ಕಟ್ಟುವ ಹವಳಗಳು ಹುಲುಸಾಗಿ ಬೆಳೆಯುವುದು ಮೇಲಿನ ಐವತ್ತು ಮೀಟರ್‌ಗಳಲ್ಲಿ ಮಾತ್ರ. ಹಾಗಾದರೆ ಆಳದ ಸಾಗರದಲ್ಲಿ ಅವು ಶುರುವಾದದ್ದು ಎಲ್ಲಿಂದ?

ಡಾರ್ವಿನ್ ಕೊಟ್ಟ ಉತ್ತರ ಹೀಗಿದೆ. ಮೊದಲು ಅಲ್ಲಿ ಒಂದು ಜ್ವಾಲಾಮುಖಿ ದ್ವೀಪವಿತ್ತು. ಅದರ ದಡವನ್ನು ಸುತ್ತುವರಿದು ಹವಳ ಬೆಳೆಯಿತು. ಲಕ್ಷಾಂತರ ವರ್ಷಗಳಲ್ಲಿ ದ್ವೀಪ ನಿಧಾನವಾಗಿ ಕುಸಿಯತೊಡಗಿತು, ಹವಳ ಮಾತ್ರ ಬಿಸಿಲು ತಪ್ಪಿಹೋಗದಂತೆ ತನ್ನ ಹಳೆಯ ಗೂಡುಗಳ ಮೇಲೆ ಹೊಸ ಗೂಡು ಕಟ್ಟುತ್ತ ಮೇಲಕ್ಕೆ ಬೆಳೆಯಿತು. ದ್ವೀಪಕ್ಕೂ ಹವಳಕ್ಕೂ ನಡುವೆ ನೀರು ತುಂಬಿತು. ಕಡೆಗೆ ದ್ವೀಪದ ಶಿಖರವೂ ಮುಳುಗಿ, ಸುತ್ತಲಿದ್ದ ಹವಳದ ಉಂಗುರವೊಂದೇ ಉಳಿಯಿತು. ದಕ್ಷಿಣ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದ್ದಾಗಲೇ, ನಿಜವಾದ ಹವಳದ ದಿಬ್ಬವೊಂದನ್ನೂ ನೋಡುವ ಮೊದಲೇ ಈ ಸಿದ್ಧಾಂತ ತಮಗೆ ಹೊಳೆಯಿತೆಂದು ಅವರು ಬರೆದುಕೊಂಡಿದ್ದಾರೆ. ಅನಂತರ 1836ರಲ್ಲಿ ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳಲ್ಲಿಳಿದು ಪರೀಕ್ಷಿಸಿ, 1842ರಲ್ಲಿ ಪ್ರಕಟಿಸಿದರು. ಒಪ್ಪದವರು ಅನೇಕರಿದ್ದರು. ಕೊನೆಗೆ 1952ರಲ್ಲಿ ಪೆಸಿಫಿಕ್ ಸಾಗರದ ಎನಿವೆಟಾಕ್ ಹವಳದ್ವೀಪದಲ್ಲಿ ಕೊರೆದು ನೋಡಿದಾಗ, 1200 ಮೀಟರ್‌ಗಳಿಗೂ ಹೆಚ್ಚು ದಪ್ಪದ ಸುಣ್ಣಕಲ್ಲಿನ ಕೆಳಗೆ ಜ್ವಾಲಾಮುಖಿಯ ಕಪ್ಪುಶಿಲೆ ಸಿಕ್ಕಿತು. ಡಾರ್ವಿನ್ ತೀರಿಕೊಂಡು ಆಗಲೇ ಎಪ್ಪತ್ತು ವರ್ಷವಾಗಿತ್ತು. ಹಿಮಯುಗಗಳಲ್ಲಿ ಸಮುದ್ರದ ಮಟ್ಟ ನೂರು ಮೀಟರ್‌ಗೂ ಹೆಚ್ಚು ಇಳಿದು ಏರಿದ್ದೂ ಈ ಉಂಗುರಗಳ ಆಕಾರವನ್ನು ತಿದ್ದಿದೆಯೆಂದು ಇಂದಿನ ವಿಜ್ಞಾನಿಗಳು ಸೇರಿಸುತ್ತಾರೆ. ಹತ್ತು ವರ್ಷ ತುಂಬಿದವರಿಗೆ ಡೈವಿಂಗ್ ಕಲಿಸುವವರಿದ್ದಾರೆ. ನೀನು ಮುಂದೆಂದಾದರೂ ಅಂಥ ದ್ವೀಪದ ಹೊರಗೋಡೆಯ ಪಕ್ಕ ಇಳಿದಾಗ, ಕಾಲ ಕೆಳಗಿನ ಆ ನೀಲಿಯ ತಳದಲ್ಲಿ ಒಂದು ಇಡೀ ಪರ್ವತ ಮುಳುಗಿದೆಯೆಂಬುದು ನಿನಗೆ ನೆನಪಾಗಲಿ.

ಪ್ರಶ್ನೆ: ನೀರೊಳಗೆ ತೆಗೆದ ಚಿತ್ರಗಳೆಲ್ಲ ನೀಲಿಯಾಗಿ ಬರುವುದೇಕೆ?

ಉತ್ತರ: ನೀರು ಕೆಂಪು ಬೆಳಕನ್ನು ಮೊದಲು ಹೀರಿಕೊಳ್ಳುತ್ತದೆ. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಮಸುಕಾಗುತ್ತದೆ, ಮತ್ತೂ ಇಳಿದಂತೆ ಕಿತ್ತಳೆ, ಹಳದಿಗಳೂ ಮರೆಯಾಗುತ್ತವೆ. ಟಾರ್ಚ್ ಅಥವಾ ಫ್ಲಾಶ್ ಹಿಡಿದು ಹತ್ತಿರದಿಂದ ತೆಗೆದರೆ ಬಣ್ಣ ಮರಳುತ್ತದೆ. ಆದರೆ ಕ್ಯಾಮೆರಾದ ಪರದೆಯಲ್ಲಿ ಕಣ್ಣಿಟ್ಟವರೇ ಹವಳಕ್ಕೆ ಹೆಚ್ಚು ತಗುಲುವುದನ್ನು ನೋಡಿದ್ದೇನೆ. ಪ್ರವಾಸದ ಮೊದಲೆರಡು ದಿನ ಅದನ್ನು ಹಡಗಿನಲ್ಲೇ ಬಿಡಿ.

ಪ್ರಶ್ನೆ: ನಾವು ಹೋದ ದಿಬ್ಬದಲ್ಲಿ ಹವಳಗಳು ಹಾಲಿನಂತೆ ಬೆಳ್ಳಗಿದ್ದವು. ಎಷ್ಟು ಸುಂದರವೆಂದು ಬೆರಗಾದೆವು. ಅದು ರೋಗಲಕ್ಷಣವೆಂದು ಮರಳಿದ ಮೇಲೆ ತಿಳಿದು ಮನಸ್ಸು ಮುದುಡಿತು. ವಿಮಾನ, ಹಡಗುಗಳ ಹೊಗೆಯುಗುಳುತ್ತ ಅಲ್ಲಿಗೆ ಹೋಗುವುದೇ ತಪ್ಪಲ್ಲವೇ?

ಉತ್ತರ: ನಿಮ್ಮ ಬೆರಗಿಗಾಗಿ ನಾಚಬೇಡಿ, ಬಿಳಿಚಿದ ದಿಬ್ಬ ಮೊದಲ ನೋಟಕ್ಕೆ ಸುಂದರವಾಗಿಯೇ ಕಾಣುತ್ತದೆ. ಸಮುದ್ರದ ನೀರು ಬೇಸಿಗೆಯ ಸಾಮಾನ್ಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ಉಳಿದರೆ, ಹವಳ ತನ್ನೊಳಗಿನ ಪಾಚಿಗಳನ್ನು ಹೊರಹಾಕುತ್ತದೆ. ಬಣ್ಣ ಬಹುಮಟ್ಟಿಗೆ ಆ ಪಾಚಿಗಳದ್ದು. ಅವು ಹೋದ ಮೇಲೆ ಪಾರದರ್ಶಕ ಚರ್ಮದ ಮೂಲಕ ಸುಣ್ಣದ ಬಿಳುಪು ಕಾಣುತ್ತದೆ. ಆ ಕ್ಷಣದಲ್ಲಿ ಹವಳ ಸತ್ತಿರುವುದಿಲ್ಲ, ಉಪವಾಸವಿರುತ್ತದೆ. ನೀರು ಬೇಗ ತಣಿದರೆ ಪಾಚಿಗಳು ಮರಳಬಹುದು, ತಣಿಯದಿದ್ದರೆ ಸಾಯುತ್ತದೆ. ಜಗತ್ತಿನಾದ್ಯಂತ ಇಂಥ ಬಿಳಿಚುವಿಕೆ 1998ರಲ್ಲಿ, 2010ರಲ್ಲಿ, 2014ರಿಂದ 2017ರವರೆಗೆ ಆಯಿತು. 2023ರಲ್ಲಿ ನಾಲ್ಕನೆಯದು ಶುರುವಾಯಿತು. ಮೊದಲೆರಡರ ನಡುವೆ ಇದ್ದ ಹನ್ನೆರಡು ವರ್ಷಗಳಷ್ಟು ಅಂತರ ಅನಂತರ ಸಿಕ್ಕಿಲ್ಲವೆಂಬುದನ್ನು ಗಮನಿಸಿ.

ದೂರವೆಂಬುದು ದಿಬ್ಬಗಳಿಗೆ ಒಂದು ಮಟ್ಟಿಗೆ ರಕ್ಷಣೆ. ಆಸ್ಟ್ರೇಲಿಯಾದ ವಾಯವ್ಯ ಕಡಲಿನಲ್ಲಿರುವ ಸ್ಕಾಟ್ ದಿಬ್ಬ 1998ರಲ್ಲಿ ತನ್ನ ಬಹುಪಾಲು ಹವಳವನ್ನು ಕಳೆದುಕೊಂಡಿತು. ಕೊಳಚೆಯಿಲ್ಲದ ನೀರಿನಲ್ಲಿ, ಪಾಚಿಯನ್ನು ಮೇಯ್ದು ಬಂಡೆಯನ್ನು ಶುಚಿಯಾಗಿಡುವ ಮೀನುಗಳ ನಡುವೆ ಅದು ಸುಮಾರು 12 ವರ್ಷಗಳಲ್ಲಿ ಬಹುಮಟ್ಟಿಗೆ ಚೇತರಿಸಿಕೊಂಡಿತು. ಆದರೆ 2016ರ ಬಿಸಿ ಅದನ್ನು ಮತ್ತೆ ಬಿಳಿಚಿಸಿತು. ಮೀನುಗಾರಿಕೆಯನ್ನೂ ಕೊಳಚೆಯನ್ನೂ ದೂರ ತಡೆಯಬಲ್ಲದು, ಬಿಸಿಯಾದ ನೀರನ್ನು ತಡೆಯಲಾರದು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ತೇಲಿಸಿಬಿಡಲು ನನಗೆ ಮನಸ್ಸಿಲ್ಲ. ನಮ್ಮ ಪ್ರಯಾಣದ ಹೊಗೆಯೂ ಆ ಬಿಸಿಯ ಒಂದು ಪಾಲು. ನಾನು ಈಗ ಪ್ರತಿ ವರ್ಷ ಹೊರಡುವುದನ್ನು ಬಿಟ್ಟಿದ್ದೇನೆ. ಹಲವು ವರ್ಷಗಳಿಗೊಮ್ಮೆ ಹೋಗುತ್ತೇನೆ, ಹೋದಾಗ ಹೆಚ್ಚು ದಿನ ಇರುತ್ತೇನೆ. ಯಾರೂ ಹೋಗದಿದ್ದರೆ ಒಳ್ಳೆಯದೆಂದು ಮಾತ್ರ ನನಗನ್ನಿಸುವುದಿಲ್ಲ. ಟುಬ್ಬತಾಹದ ಕಾವಲಿಗೆ ಡೈವರ್‌ಗಳು ಕಟ್ಟುವ ಪ್ರವೇಶಶುಲ್ಕವೂ ನೆರವಾಗುತ್ತದೆ. ಆ ಕಾವಲು ಇಲ್ಲದಿದ್ದರೆ ಅಕ್ರಮ ಬಲೆಗಳು ಬರಲು ತಡವಾಗದು. ಲಂಗರನ್ನು ಹವಳದ ಮೇಲೆ ಬಿಡದೆ, ಹಡಗು ಕಟ್ಟಲೆಂದೇ ತೇಲಿಬಿಟ್ಟ ಬೋಯಿಗೆ ಹಗ್ಗ ಬಿಗಿಯುವ ಹಡಗನ್ನೇ ಆರಿಸಿ. ಹವಳಕ್ಕೆ ಹಾನಿಕರವೆಂದು ಗುರುತಿಸಿದ ರಾಸಾಯನಿಕಗಳಿರುವ ಬಿಸಿಲು ಮುಲಾಮುಗಳನ್ನು ಪಲಾವು 2020ರಿಂದ ನಿಷೇಧಿಸಿದೆ. ಮುಲಾಮಿಗಿಂತ ತುಂಬುತೋಳಿನ ಈಜುಡುಪು ಒಳ್ಳೆಯದು.

ಮುಂದಿನ ಸಲ ಹೋದಾಗ ನೀವು ಮಾಡಬಹುದಾದ ಇನ್ನೊಂದು ಕೆಲಸವಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕೋರಲ್‌ವಾಚ್ ಯೋಜನೆಯವರು ಹವಳದ ಆರೋಗ್ಯ ಅಳೆಯಲು ಬಣ್ಣದ ಪಟ್ಟಿಯೊಂದನ್ನು ರೂಪಿಸಿದ್ದಾರೆ. ಅದನ್ನು ಹವಳದ ಪಕ್ಕ ಹಿಡಿದು, ಅದರ ಅತ್ಯಂತ ತಿಳಿಯಾದ ಭಾಗವೂ ಅತ್ಯಂತ ಗಾಢವಾದ ಭಾಗವೂ ಪಟ್ಟಿಯ ಯಾವ ಬಣ್ಣಕ್ಕೆ ಹೊಂದುತ್ತವೆಂದು ಬರೆದುಕೊಂಡು ಅವರಿಗೆ ಕಳುಹಿಸಿದರೆ ಸಾಕು. ವಿಜ್ಞಾನಿಗಳು ಅಪರೂಪಕ್ಕೆ ತಲುಪುವ ದಿಬ್ಬಗಳಿಂದ ಬರುವ ಅಂಥ ಟಿಪ್ಪಣಿಗಳಿಗೆ ಬೆಲೆಯಿದೆ. ಪಟ್ಟಿಯನ್ನು ಹವಳಕ್ಕೆ ತಾಗಿಸದೆ ಅಂಗೈಯಗಲದ ದೂರದಲ್ಲಿ ಸ್ಥಿರವಾಗಿ ಹಿಡಿದಿರಬೇಕು. ಮೊದಲ ಪತ್ರದ ದಂಪತಿಗೆ ಹೇಳಿದ ಸಮತೂಕ ಇಲ್ಲಿಯೂ ಬೇಕಾಗುತ್ತದೆ.